ಗಾಯಗೊಂಡ ಜವಾರಿ ಕೋಳಿಯ ಆರೈಕೆ: ಬುಟ್ಟಿಯೋ ಕ್ರೇಟೋ, ಅರಿಶಿಣವೋ ಅಯೋಡಿನ್ನೋ, ಮನೆಯೋ ದವಾಖಾನೆಯೋ

ನಾಯಿಯ ಬಾಯಿಂದ ಬಿಡಿಸಿಕೊಂಡ ಹೇಂಟೆಯನ್ನು ಅಂಗಳಕ್ಕೆ ತಂದೊಡನೆ ಓಣಿಯ ಅರ್ಧ ಮಂದಿ ಸಲಹೆ ಕೊಡಲು ಸೇರುತ್ತಾರೆ. ಒಬ್ಬರು ಅರಿಶಿಣ ಮೆತ್ತಿರಿ ಎನ್ನುತ್ತಾರೆ, ಇನ್ನೊಬ್ಬರು ಒಲೆಯ ಬೂದಿ ತರುತ್ತಾರೆ, ಮೂರನೆಯವರು ಎತ್ತಿನ ಗಾಯಕ್ಕೆ ಹಾಕಿ ಉಳಿದ ಟರ್ಪೆಂಟೈನ್ ಶೀಸೆಯನ್ನು ಹಿಡಿದು ಬರುತ್ತಾರೆ, ಮತ್ತೊಬ್ಬರು ಏನನ್ನೂ ಹೇಳದೆ ಈಳಿಗೆಯ ಕಡೆ ನೋಡುತ್ತಾರೆ. ಕಲಬುರಗಿ ಜಿಲ್ಲೆಯ ಹಳ್ಳಿಯೊಂದರಲ್ಲಿ ಹತ್ತು ಹನ್ನೆರಡು ಜವಾರಿ ಕೋಳಿಗಳನ್ನು ಸಾಕುತ್ತ, ಗಾಯಗೊಂಡವುಗಳಲ್ಲಿ ಕೆಲವನ್ನು ಉಳಿಸಿಕೊಂಡು ಕೆಲವನ್ನು ಕಳೆದುಕೊಂಡ ಮೇಲೆ ನನಗೆ ಅರ್ಥವಾದದ್ದೇನೆಂದರೆ, ಗಾಯಕ್ಕೆ ಏನು ಹಚ್ಚಬೇಕೆಂದು ನಾವು ಎಲ್ಲಕ್ಕಿಂತ ಮೊದಲು ಕೇಳುತ್ತೇವೆ, ಕೋಳಿಯನ್ನು ಎಲ್ಲಿ ಇಡಬೇಕೆಂದು ಎಲ್ಲಕ್ಕಿಂತ ಕೊನೆಗೆ ಕೇಳುತ್ತೇವೆ. ಈ ಕ್ರಮ ತಿರುಗಬೇಕು. ನಮ್ಮ ಭಾಗದ ಬಿಸಿಲು, ನೊಣ, ನೀರಡಿಕೆ ಮತ್ತು ಸಂಗಡಿಗ ಕೋಳಿಗಳ ಕೊಕ್ಕು, ಈ ನಾಲ್ಕೂ ಸೇರಿ ಸಣ್ಣ ಗಾಯವನ್ನೂ ಮೂರು ದಿನಗಳಲ್ಲಿ ಸಾವಿನವರೆಗೆ ಒಯ್ಯಬಲ್ಲವು. ಆದ್ದರಿಂದ ಕೆಳಗಿನ ಹೋಲಿಕೆಗಳಲ್ಲಿ ಔಷಧಿಗಿಂತ ಜಾಗಕ್ಕೇ ಹೆಚ್ಚು ಮಾತನ್ನು ಮೀಸಲಿಟ್ಟಿದ್ದೇನೆ.

ಮೊದಲ ಆಯ್ಕೆ: ಮನೆ, ದವಾಖಾನೆ, ಈಳಿಗೆ

ಯಾವ ನಿರ್ಧಾರಕ್ಕೂ ಮೊದಲು ರಕ್ತ ನಿಲ್ಲಬೇಕು. ಒಂದೂವರೆ ಕಿಲೋ ತೂಗುವ ಹೇಂಟೆಯ ಮೈಯಲ್ಲಿ ಇರುವ ರಕ್ತವೆಲ್ಲ ಸೇರಿ ಸುಮಾರು 100 ಮಿಲಿಲೀಟರ್, ಅಂದರೆ ಒಂದು ಚಹಾ ಕಪ್ಪಿನಷ್ಟು. ನಮ್ಮ ಕಣ್ಣಿಗೆ ಸ್ವಲ್ಪ ಎನಿಸುವ ನೆತ್ತರು ಅದಕ್ಕೆ ಬಹಳವಾಗಿರುತ್ತದೆ. ಶುಭ್ರವಾದ ಹತ್ತಿಯ ಬಟ್ಟೆಯನ್ನು ಗಾಯದ ಮೇಲಿಟ್ಟು, ನಡುನಡುವೆ ಎತ್ತಿ ನೋಡದೆ ಐದು ನಿಮಿಷ ಒತ್ತಿ ಹಿಡಿಯಬೇಕು. ಜುಟ್ಟು, ಉಗುರು ಅಥವಾ ಮುರಿದ ಎಳೆಗರಿಯ ಬುಡದಿಂದ ಒಸರುವ ರಕ್ತಕ್ಕೆ ಮೆಕ್ಕೆಜೋಳದ ಹಿಟ್ಟಿನ ಚಿಟಿಕೆ ಸಾಕಾಗುತ್ತದೆ. ಆದರೆ ತೆರೆದ ಆಳವಾದ ಗಾಯದೊಳಗೆ ಯಾವ ಹಿಟ್ಟನ್ನೂ ತುಂಬಬಾರದು.

ಚರ್ಮ ಹರಿದಿರುವುದು, ಗರಿ ಕಿತ್ತು ಬೆನ್ನು ಬತ್ತಲಾಗಿರುವುದು, ಜುಟ್ಟು ಸೀಳಿರುವುದು, ಉಗುರು ಕಿತ್ತಿರುವುದು, ಚರ್ಮ ಒಡೆಯದೆ ಕಾಲಿನ ಕೆಳಭಾಗದ ಎಲುಬು ಮುರಿದಿರುವುದು, ಇವನ್ನೆಲ್ಲ ಮನೆಯಲ್ಲಿ ಆರೈಕೆ ಮಾಡಬಹುದು. ಕೋಳಿಯ ಚರ್ಮ ನೋಡಲು ತೆಳ್ಳಗಿದ್ದರೂ ಅಂಗೈಯಗಲ ಹರಿದದ್ದು ಮೂರ್ನಾಲ್ಕು ವಾರಗಳಲ್ಲಿ ಕೂಡಿಕೊಂಡದ್ದನ್ನು ನಾನು ಕಂಡಿದ್ದೇನೆ. ಹಲ್ಲು ಊರಿದ ಗಾಯದ ಮಾತು ಬೇರೆ. ಬೆಕ್ಕಿನ ಬಾಯಲ್ಲಿ ಪಾಶ್ಚುರೆಲ್ಲಾ ಎಂಬ ಬ್ಯಾಕ್ಟೀರಿಯಾ ಸಾಮಾನ್ಯವಾಗಿ ಇರುತ್ತದೆ, ಕೋಳಿಗಳ ಕಾಲರಾ ರೋಗಕ್ಕೆ ಕಾರಣವಾಗುವುದೂ ಅದೇ ಜಾತಿಯದು. ಹೀಗಾಗಿ ಸೂಜಿಯ ತುದಿಯಷ್ಟೇ ಕಾಣುವ ಬೆಕ್ಕಿನ ಕಡಿತಕ್ಕೆ ಅಂದೇ ವೈದ್ಯರು ಬೇಕು, ನಾಯಿ ಎಳೆದಾಡಿ ಹರಿದ ದೊಡ್ಡ ಗಾಯಕ್ಕೆ ಕೆಲವೊಮ್ಮೆ ಬೇಕಾಗದೆಯೂ ಇರಬಹುದು. ಕುತ್ತಿಗೆಯ ಬುಡದ ಗಾಯದಿಂದ ಕುಡಿದ ನೀರು ಅಥವಾ ನುಂಗಿದ ಕಾಳು ಹೊರಬರುತ್ತಿದ್ದರೆ ಮೇವಿನ ಚೀಲ ಒಡೆದಿದೆ ಎಂದು ತಿಳಿಯಬೇಕು, ಅದಕ್ಕೆ ಹೊಲಿಗೆಯೇ ಗತಿ. ಉಸಿರಾಡಿದಾಗಲೆಲ್ಲ ಗಾಯದಲ್ಲಿ ಗುಳ್ಳೆ ಏಳುವುದು, ಚರ್ಮದ ಕೆಳಗೆ ಗಾಳಿ ತುಂಬಿ ಉಬ್ಬುವುದು, ಎಲುಬು ಹೊರಗೆ ಕಾಣುವುದು, ತೊಡೆ ಅಥವಾ ರೆಕ್ಕೆಯ ಮೇಲ್ಭಾಗದ ಎಲುಬು ಮುರಿಯುವುದು, ಇವೂ ದವಾಖಾನೆಯ ಪಾಲು.

ದವಾಖಾನೆ ಎಂದರೆ ಯಾವುದು ಎಂಬುದು ನೀವು ಇರುವ ಊರನ್ನು ಅವಲಂಬಿಸುತ್ತದೆ. ಬೀದರ್, ಭಾಲ್ಕಿ, ಹುಮನಾಬಾದ್ ಕಡೆಯವರಿಗೆ ಬೀದರಿನ ನಂದಿನಗರದಲ್ಲಿರುವ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಆವರಣವೂ ಅಲ್ಲಿನ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯೂ ಕೈಗೆಟುಕುವಷ್ಟು ಹತ್ತಿರದಲ್ಲಿವೆ. ಎಲುಬು ಮುರಿದ, ಹೊಲಿಗೆ ಬೇಕಾದ ಕೋಳಿಗೆ ಅದೇ ಉತ್ತಮ. ಕಲಬುರಗಿಯಿಂದ ಬೀದರಿಗೆ ನೂರು ಕಿಲೋಮೀಟರಿಗೂ ಹೆಚ್ಚು ದೂರ, ಯಾದಗಿರಿಯಿಂದ ಇನ್ನೂ ಹೆಚ್ಚು. 2017ರಿಂದ ಬೀದರ್–ಕಲಬುರಗಿ ನಡುವೆ ರೈಲು ಓಡುತ್ತಿದೆಯಾದರೂ ಏಪ್ರಿಲ್ ತಿಂಗಳ ಮಧ್ಯಾಹ್ನ ಗಾಯದ ಕೋಳಿಯನ್ನು ಅಷ್ಟು ದೂರ ಒಯ್ಯುವುದರಲ್ಲಿ ಚಿಕಿತ್ಸೆಯ ಲಾಭಕ್ಕಿಂತ ದಾರಿಯ ನಷ್ಟವೇ ಹೆಚ್ಚು. ಅಂಥವರಿಗೆ ತಾಲ್ಲೂಕು ಅಥವಾ ಹೋಬಳಿಯ ಸರ್ಕಾರಿ ಪಶು ಆಸ್ಪತ್ರೆಯೇ ಸೂಕ್ತ, ಅದೂ ಬೆಳಗಿನ ತಂಪಿನಲ್ಲಿ. ಸಂಚಾರಿ ಪಶು ಚಿಕಿತ್ಸಾ ವಾಹನದ ಸಹಾಯವಾಣಿ 1962ಕ್ಕೆ ಕರೆ ಮಾಡಿ ಕೇಳಿ ನೋಡುವುದರಲ್ಲಿಯೂ ತಪ್ಪಿಲ್ಲ. ಒಂದು ಕೋಳಿಗಾಗಿ ಇಷ್ಟು ದೂರ ಬಂದಿರೇನು ಎಂದು ವೈದ್ಯರೊಬ್ಬರು ನನ್ನನ್ನು ಒಮ್ಮೆ ನಗುತ್ತಲೇ ಕೇಳಿದ್ದುಂಟು. ಕೇಳಿದವರೇ ಕನ್ನಡಕ ಹಾಕಿಕೊಂಡು ನಾಲ್ಕು ಹೊಲಿಗೆ ಹಾಕಿ ಕಳುಹಿಸಿದರು.

ಒಯ್ಯುವ ರೀತಿಯ ಬಗ್ಗೆ ಒಂದು ಮಾತು. ಸಂತೆಗೆ ಒಯ್ಯುವಂತೆ ಕಾಲು ಕಟ್ಟಿ ತಲೆಕೆಳಗಾಗಿ ಸೈಕಲ್ಲಿನ ಹ್ಯಾಂಡಲಿಗೆ ತೂಗುಹಾಕಬಾರದು. ಕೋಳಿಗೆ ನಮ್ಮಂತೆ ವಪೆ, ಅಂದರೆ ಎದೆಗೂ ಹೊಟ್ಟೆಗೂ ನಡುವೆ ಇದ್ದು ಉಸಿರಾಡಿಸುವ ಸ್ನಾಯು, ಇಲ್ಲ, ಎದೆಯೆಲುಬನ್ನು ಮುಂದಕ್ಕೂ ಹಿಂದಕ್ಕೂ ಆಡಿಸಿಯೇ ಅದು ಉಸಿರಾಡುತ್ತದೆ. ತಲೆಕೆಳಗಾದಾಗ ಹೊಟ್ಟೆಯೊಳಗಿನ ಅಂಗಗಳೆಲ್ಲ ಗಾಳಿಚೀಲಗಳ ಮೇಲೆ ಬೀಳುತ್ತವೆ. ಮುಚ್ಚಳವಿರುವ ಬುಟ್ಟಿಯಲ್ಲಿ ಕೂರಿಸಿ, ಬೇಸಿಗೆಯಾದರೆ ಮೇಲೆ ಒದ್ದೆ ಗೋಣಿ ಚೀಲವನ್ನು ಗಾಳಿಯಾಡುವಂತೆ ಹೊದಿಸಿ ಒಯ್ಯಬೇಕು.

ಈಳಿಗೆಯ ಆಯ್ಕೆಯನ್ನು ಮರೆಮಾಚಿ ಬರೆಯುವುದು ಪ್ರಾಮಾಣಿಕತೆಯಲ್ಲ. ಕರುಳು ಹೊರಬಿದ್ದು ಹರಿದಿದ್ದರೆ, ಬೆನ್ನೆಲುಬಿಗೆ ಪೆಟ್ಟಾಗಿ ಎರಡೂ ಕಾಲು ಸ್ವಾಧೀನ ತಪ್ಪಿದ್ದರೆ, ಬಾಯಿ ತೆರೆದು ಉಸಿರಿಗಾಗಿ ಒದ್ದಾಡುತ್ತಿದ್ದರೆ ಅದರ ನೋವನ್ನು ಬೇಗ ಮುಗಿಸುವುದೇ ದಯೆ. ಮಾಂಸವನ್ನು ಬಳಸುವ ವಿಚಾರವಿದ್ದರೆ ಔಷಧಿ ಮುಟ್ಟಿಸುವ ಮೊದಲೇ ನಿರ್ಧರಿಸಬೇಕು, ಏಕೆಂದರೆ ಆ್ಯಂಟಿಬಯಾಟಿಕ್ ಕೊಟ್ಟ ಕೋಳಿಯನ್ನೂ, ಎರಡು ದಿನ ಗಾಯ ಕೊಳೆತು ಜ್ವರದಲ್ಲಿ ಮುದುಡಿದ ಕೋಳಿಯನ್ನೂ ಅಡುಗೆಗೆ ಬಳಸಲಾಗದು.

ಇದು ನಿಜಕ್ಕೂ ಗಾಯವೇ ಎಂಬುದನ್ನೂ ಖಚಿತಪಡಿಸಿಕೊಳ್ಳಬೇಕು. ಕುತ್ತಿಗೆ ತಿರುಚಿಕೊಳ್ಳುವುದು, ಹಸಿರು ಭೇದಿ, ಕಾಲು ರೆಕ್ಕೆ ಬಿದ್ದುಹೋಗುವುದು ಕೊಕ್ಕರೆ ರೋಗದ, ಅಂದರೆ ರಾಣಿಖೇತ್ ರೋಗದ ಲಕ್ಷಣಗಳಾಗಿರಬಹುದು. ಒಂದೇ ಸಮಯಕ್ಕೆ ಮೂರ್ನಾಲ್ಕು ಕೋಳಿಗಳು ಮಂಕಾದರೆ ಅಥವಾ ಸತ್ತರೆ ಈ ಲೇಖನವನ್ನು ಬದಿಗಿಟ್ಟು ಪಶುಪಾಲನಾ ಇಲಾಖೆಗೆ ತಿಳಿಸಿರಿ.

ಎಲ್ಲಿ ಇಡುವುದು

ಗಾಯದ ಕೋಳಿಗೆ ಬೇಕಾದದ್ದು ಮಬ್ಬುಗತ್ತಲು, ಸದ್ದಿಲ್ಲದ ಮೂಲೆ, ಗಾಳಿ, ಹಿಡಿತವಿರುವ ನೆಲ, ನೊಣದಿಂದಲೂ ರಾತ್ರಿಯ ಬೆಕ್ಕು ಮುಂಗುಸಿಗಳಿಂದಲೂ ರಕ್ಷಣೆ. ಇವೆಲ್ಲವನ್ನೂ ಒಟ್ಟಿಗೆ ಕೊಡುವ ವಸ್ತು ಯಾವ ಮನೆಯಲ್ಲಿಯೂ ಸಿದ್ಧವಾಗಿ ಇರುವುದಿಲ್ಲವಾದ್ದರಿಂದ ಯಾವ ಕೊರತೆಯನ್ನು ಸಹಿಸಬಹುದು ಎಂಬುದೇ ಇಲ್ಲಿನ ಲೆಕ್ಕ.

ತೊಗರಿ ಕಟ್ಟಿಗೆಯಿಂದ ಹೆಣೆದ ಬುಟ್ಟಿಯನ್ನು ಕವುಚಿ ಹಾಕುವುದು ನಮ್ಮಲ್ಲಿ ಮೊದಲಿನಿಂದ ಬಂದ ಪದ್ಧತಿ. ತೊಗರಿಯ ನಾಡಿನಲ್ಲಿ ಅದಕ್ಕೆ ಖರ್ಚಿಲ್ಲ. ಒಳಗೆ ಮಬ್ಬಾಗಿರುತ್ತದೆ, ಗಾಳಿಯೂ ಆಡುತ್ತದೆ, ಕೋಳಿ ಅದರಡಿ ಹೋದ ಕ್ಷಣಕ್ಕೆ ಶಾಂತವಾಗುತ್ತದೆ. ಮೊದಲ ರಾತ್ರಿಗೆ ಇದಕ್ಕಿಂತ ಒಳ್ಳೆಯ ಏರ್ಪಾಡು ಇಲ್ಲ ಎಂದೇ ನಾನು ಭಾವಿಸುತ್ತೇನೆ, ಮೇಲೊಂದು ಕಲ್ಲು ಹೇರಿರಬೇಕು ಅಷ್ಟೆ. ಆದರೆ ಎರಡು ವಾರದ ವಾಸಕ್ಕೆ ಅದು ಒದಗುವುದಿಲ್ಲ. ಕಾಲು ಪೆಟ್ಟಾದ ಕೋಳಿ ನೆಟ್ಟಗೆ ನಿಂತು ಅಭ್ಯಾಸ ಮಾಡಲು ಎತ್ತರ ಸಾಲದು, ಕಡ್ಡಿಯ ತುದಿಗಳು ಬೆನ್ನಿನ ಹಸಿಗಾಯಕ್ಕೆ ತಾಗುತ್ತವೆ, ರಕ್ತ ಮತ್ತು ಹಿಕ್ಕೆ ಹೆಣಿಗೆಯ ಸಂದಿಯಲ್ಲಿ ಕೂತು ತೊಳೆದರೂ ಹೋಗದೆ ನೊಣಗಳನ್ನು ಕರೆಯುತ್ತವೆ.

ರಟ್ಟಿನ ಪೆಟ್ಟಿಗೆಯ ಗುಣ ಅದರ ಕತ್ತಲೆ ಮತ್ತು ಬೆಚ್ಚಗೆ. ಬೀದರ್ ಸೀಮೆಯಲ್ಲಿ ಚಳಿಗಾಲದ ಕೆಲವು ರಾತ್ರಿ ಉಷ್ಣತೆ 10 ಡಿಗ್ರಿಗಿಂತ ಕೆಳಗಿಳಿಯುವುದುಂಟು. ರಕ್ತ ಕಳೆದುಕೊಂಡ ಕೋಳಿ ತನ್ನ ಮೈಬಿಸಿಯನ್ನು ಕಾಯ್ದುಕೊಳ್ಳಲಾರದ ಆ ಹೊತ್ತಿನಲ್ಲಿ, ನಾಲ್ಕೂ ಬದಿಗೆ ಗಾಳಿಯ ತೂತು ಕೊರೆದ ರಟ್ಟಿನ ಪೆಟ್ಟಿಗೆ, ಅದರ ಒಂದು ತುದಿಯ ಹೊರಗೆ ತಗಲದಂತೆ ತೂಗುಬಿಟ್ಟ 40 ವ್ಯಾಟಿನ ಹಳೆಯ ಕಾಲದ ಬಲ್ಬು, ಎರಡೂ ಸೇರಿ ಅತ್ಯುತ್ತಮ ಆರೈಕೆಯಾಗುತ್ತವೆ. ಎಲ್‌ಇಡಿ ಬಲ್ಬು ಶಾಖ ಕೊಡುವುದಿಲ್ಲ ಎಂಬುದನ್ನು ನೆನಪಿಡಬೇಕು. ಬಿಸಿ ಹೆಚ್ಚಾದರೆ ಕೋಳಿ ಸರಿದು ಕೂರಲು ಪೆಟ್ಟಿಗೆಯ ಇನ್ನೊಂದು ತುದಿ ತಂಪಾಗಿಯೇ ಇರಬೇಕು. ಅದೇ ಪೆಟ್ಟಿಗೆ ಶರಣಬಸವೇಶ್ವರರ ಜಾತ್ರೆ ಮುಗಿದ ಮೇಲಿನ ಬೇಸಿಗೆಯ ಕಲಬುರಗಿಯಲ್ಲಿ ಒಲೆಯಾಗುತ್ತದೆ. ಕೋಳಿಯ ಸಹಜ ಮೈಬಿಸಿಯೇ 41ರಿಂದ 42 ಡಿಗ್ರಿ. ಹೊರಗಿನ ಗಾಳಿಯೂ ಅಷ್ಟೇ ಕಾದಾಗ, ಬೆವರುಗ್ರಂಥಿಗಳಿಲ್ಲದ ಆ ಜೀವಕ್ಕೆ ತೇಕಿ ತೇಕಿ ನೀರನ್ನು ಆವಿಯಾಗಿಸುವುದೊಂದೇ ದಾರಿ ಉಳಿಯುತ್ತದೆ, ಗಾಯದಿಂದ ಬಳಲಿದ ಕೋಳಿಗೆ ಆ ದುಡಿಮೆಯೇ ಪ್ರಾಣಕ್ಕೆ ಎರವಾಗುತ್ತದೆ.

ತಂತಿಯ ಪಂಜರದಲ್ಲಿ ಗಾಳಿಗೆ ಕೊರತೆಯಿಲ್ಲ. ಆದರೆ ನಾಲ್ಕೂ ಕಡೆಯಿಂದ ಬಯಲಾದ ಕೋಳಿ ಹಾದುಹೋದವರಿಗೆಲ್ಲ ಬೆದರಿ ರೆಕ್ಕೆ ಬಡಿಯುತ್ತದೆ, ಹೊಸದಾಗಿ ಮೂಡುತ್ತಿರುವ ಗರಿಗಳು ತಂತಿಗೆ ಸಿಕ್ಕಿ ಮುರಿಯುತ್ತವೆ, ತಂತಿಯ ನೆಲ ಅಂಗಾಲನ್ನು ಕೊರೆಯುತ್ತದೆ. ಇರುವುದು ಅದೊಂದೇ ಎಂದಾದರೆ ಮೂರು ಬದಿಗೆ ಬಟ್ಟೆ ಕಟ್ಟಿ, ನೆಲಕ್ಕೆ ಹಲಗೆ ಹಾಕಬೇಕು.

ನಾನು ಕೊನೆಗೆ ನೆಚ್ಚಿಕೊಂಡದ್ದು ತರಕಾರಿ ಸಾಗಿಸುವ ಪ್ಲಾಸ್ಟಿಕ್ ಕ್ರೇಟನ್ನು. ಒಂದರ ಬಾಯಿಗೆ ಇನ್ನೊಂದರ ಬಾಯಿ ಕೂಡಿಸಿ ಹಗ್ಗದಿಂದ ಕಟ್ಟಿದರೆ ಕೋಳಿ ನಿಲ್ಲುವಷ್ಟು ಎತ್ತರ ಸಿಗುತ್ತದೆ, ಬದಿಯ ಕಂಡಿಗಳಿಂದ ಗಾಳಿ ಬರುತ್ತದೆ, ಸಾಬೂನು ನೀರಿನಲ್ಲಿ ತಿಕ್ಕಿ ಬಿಸಿಲಿಗಿಟ್ಟರೆ ಮತ್ತೆ ಹೊಸದಾಗುತ್ತದೆ. ಮೇಲಿನಿಂದ ಸೊಳ್ಳೆಪರದೆಯ ಹಳೆಯ ತುಂಡನ್ನು ಪೂರ್ತಿ ಹೊದಿಸಿದರೆ ನೊಣದ ಚಿಂತೆ ಬಹುಪಾಲು ತೀರುತ್ತದೆ. ಈ ಪರದೆಯೊಂದು ನಾನು ಬಳಸಿದ ಎಲ್ಲ ಮುಲಾಮುಗಳಿಗಿಂತ ಹೆಚ್ಚು ಕೆಲಸ ಮಾಡಿದೆ ಎಂದರೆ ಅತಿಶಯೋಕ್ತಿಯಲ್ಲ.

ಕ್ರೇಟನ್ನು ಮನೆಯ ಯಾವ ಭಾಗದಲ್ಲಿ ಇಡಬೇಕು ಎಂಬುದೂ ಆಯ್ಕೆಯೇ. ದನದ ಕೊಟ್ಟಿಗೆ ಎಲ್ಲರಿಗೂ ಮೊದಲು ಹೊಳೆಯುವ ಸ್ಥಳ, ನೊಣಗಳಿಗೂ ಹಾಗೆಯೇ. ತಗಡಿನ ಶೆಡ್ಡು ಮಾರ್ಚಿನಿಂದ ಜೂನಿನವರೆಗೆ ಕೂಡದು. ಮಣ್ಣಿನ ಮಾಳಿಗೆಯ ಹಳೆಯ ಮನೆಯಿದ್ದವರು ಪುಣ್ಯವಂತರು. ದಪ್ಪ ಗೋಡೆಯ ಆ ಒಳಕೋಣೆ ಮೇ ತಿಂಗಳಲ್ಲಿಯೂ ಆರ್‌ಸಿಸಿ ಛಾವಣಿಯ ಕೋಣೆಗಿಂತ ತಂಪಾಗಿರುತ್ತದೆ. ಪಡಸಾಲೆಯ ಶಹಾಬಾದ್ ಕಲ್ಲಿನ ನೆಲ ಬೇಸಿಗೆಯಲ್ಲಿ ಹಿತವೇ, ಆದರೆ ನುಣುಪು. ಒಂದು ಕಾಲಿನ ಮೇಲೆ ಭಾರ ಹಾಕುತ್ತಿರುವ ಕೋಳಿ ಅದರ ಮೇಲೆ ಜಾರಿ ಒಳ್ಳೆಯ ಕಾಲನ್ನೂ ಹಿಗ್ಗಿಸಿಕೊಳ್ಳುತ್ತದೆ. ಆದ್ದರಿಂದ ಕಲ್ಲಿನ ಮೇಲೆ ಗೋಣಿ, ಗೋಣಿಯ ಮೇಲೆ ಹಾಸು.

ಹಾಸಿನ ವಿಷಯದಲ್ಲಿ ಬೀದರ್, ಕಲಬುರಗಿ, ಯಾದಗಿರಿ ಮೂರು ಜಿಲ್ಲೆಗಳಿಗೂ ಒಂದೇ ಉತ್ತರವಿಲ್ಲ. ಸುರಪುರ, ಶಹಾಪುರ ಕಡೆಯ ಕಾಲುವೆ ಸೀಮೆಯಲ್ಲಿ ಭತ್ತದ ಹೊಟ್ಟು ಸಿಗುತ್ತದೆ, ಅದು ತೇವ ಹೀರುತ್ತದೆ, ಕಾಲಿಗೆ ಹಿಡಿತ ಕೊಡುತ್ತದೆ, ಎಲ್ಲಕ್ಕಿಂತ ಒಳ್ಳೆಯದು. ನಮ್ಮ ಕಡೆ ಸಿಗುವ ತೊಗರಿ ಹೊಟ್ಟನ್ನು ಮೊದಲು ಮೊರದಲ್ಲಿ ತೂರಿ ಧೂಳು ಕಳೆಯಬೇಕು. ಜೋಳದ ರಾಶಿಯ ಹೊಟ್ಟು ಬೇಡ. ನಮ್ಮ ಮೈಗೇ ತುರಿಕೆ ತರುವ ಸುಂಕು ಕೋಳಿಯ ಮೂಗಿಗೂ ಹಸಿಗಾಯಕ್ಕೂ ಒಳ್ಳೆಯದನ್ನೇನೂ ಮಾಡುವುದಿಲ್ಲ. ಪತ್ರಿಕೆಯ ಹಾಳೆ ಜಾರುತ್ತದೆ. ಮರಳು ಗಾಯಕ್ಕೆ ಮೆತ್ತಿಕೊಳ್ಳುತ್ತದೆ. ಯಾವುದನ್ನೇ ಹಾಸಿದರೂ ದಿನಕ್ಕೊಮ್ಮೆ ಬದಲಿಸಬೇಕು.

ತೊಳೆಯುವುದು, ಹಚ್ಚುವುದು

ಒಂದು ಲೀಟರ್ ನೀರನ್ನು ಕುದಿಸಿ ಆರಿಸಿ 9 ಗ್ರಾಂ ಉಪ್ಪು, ಅಂದರೆ ಸಮನಾಗಿ ತುಂಬಿದ ಸುಮಾರು ಒಂದೂವರೆ ಚಹಾ ಚಮಚ, ಬೆರೆಸಿದರೆ ಮೈಯ ದ್ರವಕ್ಕೆ ಹೊಂದುವ ಉಪ್ಪುನೀರು ಸಿದ್ಧವಾಗುತ್ತದೆ. ಸೂಜಿ ತೆಗೆದ ಸಿರಿಂಜಿನಿಂದ ಉಗುರುಬೆಚ್ಚಗಿನ ಈ ನೀರನ್ನು ಗಾಯದ ಮೇಲೆ ಹರಿಯಬಿಟ್ಟು ಮಣ್ಣು, ಗರಿ, ಜೊಲ್ಲು ಎಲ್ಲವನ್ನೂ ಹೊರಡಿಸಬೇಕು. ಸುತ್ತಲಿನ ಗರಿಗಳನ್ನು ಕೀಳದೆ ಕತ್ತರಿಯಿಂದ ಕತ್ತರಿಸಬೇಕು. ನಾಯಿ ಕಡಿದ ಗಾಯವಾದರೆ ಕೈಗೆ ರಬ್ಬರ್ ಕೈಗವಸು ಇರಲೇಬೇಕು, ಹುಚ್ಚುನಾಯಿಯ ಜೊಲ್ಲು ನಮ್ಮ ಬೆರಳಿನ ತರಚಿಗೆ ತಾಗುವ ಅಪಾಯವನ್ನು ಹಗುರವಾಗಿ ನೋಡಲಾಗದು. ಎದೆ ಅಥವಾ ಬೆನ್ನಿನಲ್ಲಿ ಆಳಕ್ಕೆ ಇಳಿದ ರಂಧ್ರವಿದ್ದರೆ ನೀರು ಚಿಮ್ಮಿಸಬಾರದು. ಕೋಳಿಯ ಗಾಳಿಚೀಲಗಳು ಮೈಯೊಳಗೆಲ್ಲ ಹರಡಿರುತ್ತವೆ, ರೆಕ್ಕೆಯ ಮೇಲೆಲುಬಿನ ಒಳಗೂ ಗಾಳಿಯ ದಾರಿಯಿದೆ. ಅಲ್ಲಿ ಹೊಕ್ಕ ನೀರು ನೇರವಾಗಿ ಉಸಿರಾಟಕ್ಕೆ ಸೇರುತ್ತದೆ.

ತೊಳೆದ ಮೇಲೆ ಏನು ಹಚ್ಚಬೇಕು ಎಂಬ ಜಗಳಕ್ಕೆ ಬರೋಣ. ಔಷಧಿ ಅಂಗಡಿಯ ಪೊವಿಡೋನ್ ಅಯೋಡಿನ್ ದ್ರಾವಣವನ್ನು ತಿಳಿ ಚಹಾದ ಬಣ್ಣ ಬರುವವರೆಗೆ ಶುದ್ಧ ನೀರಿನಲ್ಲಿ ತೆಳುಮಾಡಿ, ಮೊದಲ ಮೂರು ದಿನ ದಿನಕ್ಕೊಮ್ಮೆ ಬಳಸುವುದು ನನ್ನ ಮೊದಲ ಆಯ್ಕೆ. ಗಟ್ಟಿಯಾಗಿಯೇ ಸುರಿದರೆ ಸೂಕ್ಷ್ಮಾಣುವಿನೊಂದಿಗೆ ಹೊಸದಾಗಿ ಬೆಳೆಯುವ ಮಾಂಸವೂ ಸುಡುತ್ತದೆ. ಹೈಡ್ರೋಜನ್ ಪೆರಾಕ್ಸೈಡಿನ ನೊರೆ ನೋಡಲು ಚೆನ್ನ, ಆದರೆ ಅದರ ಗುಣವೂ ಇದೇ ರೀತಿಯದು; ಕೊಳಕು ತುಂಬಿದ ಗಾಯಕ್ಕೆ ಮೊದಲ ದಿನ ಒಮ್ಮೆ ಬಳಸಿ ಬಿಟ್ಟುಬಿಡಬೇಕು.

ಅರಿಶಿಣವನ್ನು ನಾನು ಹಳಿಯುವುದಿಲ್ಲ. ಮೇಲ್ಮೈಯ ತರಚಿಗೆ ಕೊಬ್ಬರಿ ಎಣ್ಣೆಯಲ್ಲಿ ಕಲಸಿ ತೆಳ್ಳಗೆ ಸವರಿದರೆ ಹಾನಿಯಿಲ್ಲ. ತೊಂದರೆ ಬರುವುದು ಆಳದ ಗಾಯಕ್ಕೆ ಪುಡಿಯನ್ನು ಒತ್ತಿ ತುಂಬಿದಾಗ. ಪುಡಿ ಗಂಟಾಗಿ ಒಳಗೇ ಉಳಿಯುತ್ತದೆ, ಅಂಗಡಿಯ ಅರಿಶಿಣದಲ್ಲಿ ಬಣ್ಣದ ಕಲಬೆರಕೆ ಇರಬಹುದು, ಅಲ್ಲದೆ ಗಾಯವೆಲ್ಲ ಹಳದಿಯಾದ ಮೇಲೆ ಕೀವು ಎಲ್ಲಿದೆ ಎಂದು ಗುರುತಿಸಲಾಗುವುದಿಲ್ಲ. ಕೋಳಿಯ ಕೀವು ನಮ್ಮದರಂತೆ ಸೋರುವುದಿಲ್ಲ. ಗಿಣ್ಣಿನ ತುಣುಕಿನಂತೆ ಗಟ್ಟಿಯಾಗಿ, ಹಳದಿಯಾಗಿ ಒಳಗೇ ಕೂರುತ್ತದೆ. ಅರಿಶಿಣದ ಪದರದ ಕೆಳಗೆ ಅದು ವಾರಗಟ್ಟಲೆ ಅಡಗಿರುವುದನ್ನು ನಾನು ನನ್ನದೇ ಕೋಳಿಯಲ್ಲಿ ತಡವಾಗಿ ಕಂಡೆ. ಶುದ್ಧ ಜೇನುತುಪ್ಪ ಇದಕ್ಕಿಂತ ಮೇಲು, ಗಾಯದ ತೇವವನ್ನು ಎಳೆದು ಸೂಕ್ಷ್ಮಾಣು ಬೆಳೆಯದಂತೆ ತಡೆಯುತ್ತದೆ. ಆದರೆ ಅದಕ್ಕೆ ಇರುವೆ ಬರುತ್ತದೆ, ಕ್ರೇಟಿನ ನಾಲ್ಕೂ ಮೂಲೆಯ ಕೆಳಗೆ ಇಟ್ಟಿಗೆಯಿಟ್ಟು, ಆ ಇಟ್ಟಿಗೆಗಳನ್ನು ನೀರು ತುಂಬಿದ ತಟ್ಟೆಗಳಲ್ಲಿ ನಿಲ್ಲಿಸಬೇಕಾಗುತ್ತದೆ. ಬೂದಿ, ಸುಣ್ಣ, ಕಾಫಿಪುಡಿ, ತಂಬಾಕು, ಸೀಮೆಎಣ್ಣೆ, ಕರ್ಪೂರ, ನುಸಿಗುಳಿಗೆ, ಫಿನಾಯಿಲ್ ಇವುಗಳಲ್ಲಿ ಯಾವುದೂ ಬೇಡ. ಎತ್ತಿನ ದಪ್ಪ ಚರ್ಮ ತಡೆಯುವ ಟರ್ಪೆಂಟೈನನ್ನು ಒಂದೂವರೆ ಕಿಲೋದ ಹಕ್ಕಿ ತಡೆಯುವುದಿಲ್ಲ, ಮೇಲಾಗಿ ಅದು ಕೊಕ್ಕಿನಿಂದ ಮೈ ತೀಡಿಕೊಂಡು ಹಚ್ಚಿದ್ದನ್ನೆಲ್ಲ ನುಂಗುತ್ತದೆ.

ನೊಣದ ಮೊಟ್ಟೆ ಒಡೆದು ಹುಳವಾಗಲು ಒಂದು ದಿನ ಸಾಕು, ಬೇಸಿಗೆಯಲ್ಲಿ ಅದೂ ಬೇಕಾಗಿಲ್ಲ. ಆದ್ದರಿಂದ ಬೆಳಿಗ್ಗೆ ಸಂಜೆ ಎರಡು ಹೊತ್ತು ಗಾಯವನ್ನೂ, ಹಿಕ್ಕೆ ಅಂಟಿದ ಗುದದ ಸುತ್ತಲಿನ ಗರಿಗಳನ್ನೂ ಬೆಳಕಿನಲ್ಲಿ ನೋಡಬೇಕು. ಹುಳ ಕಂಡರೆ ಚಿಮಟಿಗೆಯಿಂದ ಒಂದೊಂದಾಗಿ ತೆಗೆದು ಉಪ್ಪುನೀರಿನಲ್ಲಿ ತೊಳೆಯಬೇಕು. ಒಳಕ್ಕೆ ಕೊರೆದು ಹೋಗಿದ್ದರೆ ವೈದ್ಯರ ಬಳಿಗೆ ಹೋಗಬೇಕು. ಬೇವಿನ ಎಣ್ಣೆಯನ್ನು ಗಾಯದ ಅಂಚಿನ ಹೊರಗೆ ಸವರಿದರೆ ನೊಣ ದೂರವಿರುತ್ತದೆ, ಗಾಯದ ಒಳಗೆ ಹಾಕಬಾರದು.

ಕಟ್ಟುವುದೋ, ಹಾಗೇ ಬಿಡುವುದೋ

ಬೆನ್ನು, ಎದೆ, ಕುತ್ತಿಗೆಯ ಗಾಯಗಳನ್ನು ಪರದೆಯೊಳಗೆ ತೆರೆದೇ ಬಿಡುವುದು ಲೇಸು, ಪಟ್ಟಿ ಅಲ್ಲಿ ನಿಲ್ಲುವುದಿಲ್ಲ. ಅಂಗಾಲಿನ ಗಾಯವನ್ನು ಮಾತ್ರ ಕಟ್ಟಲೇಬೇಕು. ಬಳ್ಳಾರಿ ಜಾಲಿಯ ಮುಳ್ಳು ಹೊಕ್ಕು, ಅಂಗಾಲು ಊದಿ, ನಡುವೆ ಕಪ್ಪು ಹಕ್ಕಳೆ ಕಟ್ಟಿದ ಕೋಳಿಗಳು ನಮ್ಮ ಭಾಗದಲ್ಲಿ ಬಹಳ. ದಿನವೂ ಹತ್ತು ನಿಮಿಷ ಬೆಚ್ಚನೆಯ ಉಪ್ಪುನೀರಿನಲ್ಲಿ ಕಾಲು ಅದ್ದಿ, ಒರೆಸಿ, ಹತ್ತಿಯಿಟ್ಟು ಸುತ್ತಿದರೆ ಆರಂಭದ ಊತ ಇಳಿಯುತ್ತದೆ. ಬ್ಲೇಡು ಹಿಡಿದು ಹಕ್ಕಳೆ ಕೀಳುವ ಸಾಹಸ ಮನೆಯಲ್ಲಿ ಬೇಡ.

ಕಾಲಿನ ಕೆಳಭಾಗದ ಎಲುಬು ಮುರಿದರೆ ಊರಿನ ಎಲುಬು ಕೂಡಿಸುವವರ ಕೈಗೆ ಕೊಡುವುದೋ, ತಾನೇ ಕಟ್ಟುವುದೋ ಎಂಬ ಪ್ರಶ್ನೆ ಬರುತ್ತದೆ. ಎಲುಬನ್ನು ನೆಟ್ಟಗೆ ಹಿಡಿಯುವ ಅವರ ಬೆರಳಿನ ಅಂದಾಜು ನಮಗಿಲ್ಲ ಎಂಬುದು ನಿಜ. ಆದರೆ ಕುರಿ ಮೇಕೆಗೆ ಕಟ್ಟಿ ರೂಢಿಯಾದ ಕೈ ಕೋಳಿಗೂ ಅಷ್ಟೇ ಬಿಗಿಯಾಗಿ ಕಟ್ಟುತ್ತದೆ, ಮೊಟ್ಟೆಯ ಬಿಳಿಯಲ್ಲಿ ಕಲಸಿದ ಉದ್ದಿನ ಹಿಟ್ಟಿನ ಪಟ್ಟಿ ಒಣಗಿದ ಮೇಲೆ ಅದರ ಕಾಲಿಗೆ ಭಾರವಾಗುತ್ತದೆ. ಅವರಿಂದ ಎಲುಬು ಕೂಡಿಸಿಕೊಂಡು, ಕಟ್ಟನ್ನು ಹಗುರವಾಗಿ ಮಾಡಿಸಿಕೊಳ್ಳುವುದು ನಾನು ಕಂಡ ನಡುದಾರಿ. ಆಧಾರಕ್ಕೆ ತೊಗರಿ ಕಡ್ಡಿ ಬೇಡ, ಅದು ಪಟಕ್ಕನೆ ಮುರಿದು ಚುಚ್ಚುತ್ತದೆ. ನಯವಾಗಿ ಹೆರೆದ ಬಿದಿರ ಸೀಳು ಅಥವಾ ಐಸ್‌ಕ್ರೀಂ ಕಡ್ಡಿ ಎರಡು ಬದಿಗೆ ಸಾಕು. ಮೊದಲು ಹತ್ತಿ, ನಂತರ ಕಡ್ಡಿ, ಮೇಲೆ ತನಗೆ ತಾನೇ ಅಂಟುವ ಮೃದು ಬ್ಯಾಂಡೇಜು. ಮುರಿದ ಜಾಗದ ಮೇಲಿನ ಕೀಲೂ ಕೆಳಗಿನ ಕೀಲೂ ಕಟ್ಟಿನೊಳಗೆ ಬಂದಿರಬೇಕು. ಬೆರಳುಗಳು ತಣ್ಣಗಾದರೆ ಅಥವಾ ಊದಿದರೆ ತಕ್ಷಣ ಬಿಚ್ಚಿ ಸಡಿಲಿಸಬೇಕು. ಹಕ್ಕಿಯ ಎಲುಬು ಬೇಗ ಕೂಡುತ್ತದೆ, ಎರಡರಿಂದ ಮೂರು ವಾರಕ್ಕೆ ಕಟ್ಟು ಬಿಚ್ಚಬಹುದು. ರೆಕ್ಕೆಯನ್ನಾದರೆ ಸಹಜವಾಗಿ ಮಡಿಚಿದ ಸ್ಥಿತಿಯಲ್ಲಿ ಮೈಗೆ ಸೇರಿಸಿ ಸುತ್ತಬೇಕು, ಎದೆಯೆಲುಬು ಆಡಲು ಒಂದು ಬೆರಳು ನುಸುಳುವಷ್ಟು ಸಡಿಲವಿರಬೇಕು. ಬಿಗಿದು ಕಟ್ಟಿದ ಕೋಳಿ ರೆಕ್ಕೆ ಕೂಡುವ ಮೊದಲೇ ಉಸಿರುಗಟ್ಟಿ ಸಾಯುತ್ತದೆ.

ನೀರು, ಮೇವು, ಮಾತ್ರೆ

ಮೊದಲ ದಿನ ಮೇವಿಗಿಂತ ನೀರು ಮುಖ್ಯ. ಬಾಯಿ ಬಿಡಿಸಿ ಚಮಚದಿಂದ ಹೊಯ್ಯುವುದು ಎಲ್ಲರೂ ಮಾಡುವ ತಪ್ಪು. ನಾಲಿಗೆಯ ಬುಡದಲ್ಲಿಯೇ ಉಸಿರಿನ ರಂಧ್ರ ತೆರೆದಿರುತ್ತದೆ, ಹೊಯ್ದ ನೀರು ಶ್ವಾಸಕ್ಕೆ ಇಳಿಯುತ್ತದೆ. ಕೊಕ್ಕಿನ ತುದಿಯನ್ನು ಬಟ್ಟಲಲ್ಲಿ ಮೆಲ್ಲಗೆ ಅದ್ದಿಸಿದರೆ, ಅಥವಾ ಕೊಕ್ಕಿನ ಬದಿಗೆ ಹನಿ ಹನಿಯಾಗಿ ಬಿಟ್ಟರೆ ಅದು ತಾನೇ ತಲೆಯೆತ್ತಿ ನುಂಗುತ್ತದೆ. ಓಆರ್‌ಎಸ್ ಪೊಟ್ಟಣವನ್ನು ಒಂದು ಲೀಟರಿಗೆ ಕಲಸಿ ಮೊದಲ ಎರಡು ದಿನ ಇಡಬಹುದು, ಪಕ್ಕದಲ್ಲಿ ಬರಿಯ ನೀರೂ ಇರಬೇಕು.

ಮೇವಿಗೆ ನೆನೆಸಿದ ಜೋಳದ ನುಚ್ಚು ಎಲ್ಲರ ಮನೆಯಲ್ಲಿಯೂ ಇರುವಂಥದ್ದು, ಕೋಳಿಗೂ ಪರಿಚಿತ, ಆದರೆ ಹೊಸ ಚರ್ಮಕ್ಕೂ ಗರಿಗೂ ಬೇಕಾದ ಪ್ರೊಟೀನು ಅದರಲ್ಲಿ ಕಡಿಮೆ. ಗರಿಯ ಬಹುಭಾಗ ಪ್ರೊಟೀನೇ ಆದ್ದರಿಂದ ಮೂರನೆಯ ದಿನದಿಂದ ಬೇಯಿಸಿ ಹಿಸುಕಿದ ಮೊಟ್ಟೆ ಅಥವಾ ಉಪ್ಪು ಖಾರವಿಲ್ಲದೆ ಬೇಯಿಸಿದ ತೊಗರಿ ಬೇಳೆಯನ್ನು ಬೆರೆಸಬೇಕು. ಹಸಿ ಬೇಳೆ ಜೀರ್ಣವಾಗುವುದಿಲ್ಲ. ಅಂಗಡಿಯ ಮರಿಗಳ ಮೇವು ಮೊಟ್ಟೆಕೋಳಿಯ ಮೇವಿಗಿಂತ ಈ ಹೊತ್ತಿಗೆ ಹೆಚ್ಚು ಒಪ್ಪುತ್ತದೆ. ತಿನ್ನುತ್ತಿದೆಯೇ ಎಂದು ತಿಳಿಯಲು ಸಂಜೆ ಮೇವಿನ ಚೀಲವನ್ನು ಮುಟ್ಟಿ ನೋಡಿರಿ. ಸಂಜೆ ತುಂಬಿ, ಬೆಳಗಿಗೆ ಬರಿದಾಗಿರಬೇಕು. ಹಿಕ್ಕೆ ಸ್ವಲ್ಪವೇ ಇದ್ದು ಕಡುಹಸಿರಾಗಿದ್ದರೆ ಹೊಟ್ಟೆಗೆ ಏನೂ ಹೋಗಿಲ್ಲ, ಬರಿಯ ಪಿತ್ತ ಬರುತ್ತಿದೆ ಎಂದರ್ಥ.

ಮನೆಯಲ್ಲಿರುವ ನೋವಿನ ಮಾತ್ರೆಯನ್ನು ಚೂರು ಮಾಡಿ ಕೊಡುವುದು ಅತ್ಯಂತ ಕೆಟ್ಟ ಆಯ್ಕೆ. ರಣಹದ್ದುಗಳನ್ನು ಅಳಿವಿನಂಚಿಗೆ ದೂಡಿದ ನೋವಿನ ಔಷಧಿ ಡೈಕ್ಲೋಫಿನಾಕನ್ನು ಜಾನುವಾರುಗಳಿಗೆ ಬಳಸುವುದನ್ನು ಭಾರತದಲ್ಲಿ 2006ರಲ್ಲಿ ನಿಷೇಧಿಸಲಾಯಿತು. ಕೋಳಿಯ ಮೂತ್ರಪಿಂಡಕ್ಕೂ ಅದು ವಿಷವೇ. ನೋವಿಗೆ ಮೆಲೋಕ್ಸಿಕಾಮ್ ಕೊಡುವ ಪದ್ಧತಿಯಿದೆ, ತೂಕಕ್ಕೆ ತಕ್ಕ ಪ್ರಮಾಣವನ್ನು ವೈದ್ಯರೇ ಹೇಳಬೇಕು. ಆ್ಯಂಟಿಬಯಾಟಿಕ್ ಬರೆದುಕೊಟ್ಟರೆ ಎಷ್ಟು ದಿನ ಮೊ‌ಟ್ಟೆ ತಿನ್ನಬಾರದೆಂದು ಅಲ್ಲಿಯೇ ಕೇಳಿ ಬರೆದುಕೊಳ್ಳಿರಿ.

ಹಿಂಡಿಗೆ ಮರಳಿಸುವುದು

ಕತ್ತಲಾದ ಮೇಲೆ ಸದ್ದಿಲ್ಲದೆ ಗೂಡಿನಲ್ಲಿ ಕೂರಿಸಿಬಿಟ್ಟರೆ ಬೆಳಗಾಗುವಷ್ಟರಲ್ಲಿ ಎಲ್ಲವೂ ಹೊಂದಿಕೊಳ್ಳುತ್ತವೆ ಎಂದು ಹಿರಿಯರು ಹೇಳುತ್ತಾರೆ. ಎರಡು ಮೂರು ದಿನ ಮಾತ್ರ ದೂರವಿದ್ದ ಕೋಳಿಗೆ ಅದು ನಡೆಯುತ್ತದೆ. ಮೂರು ವಾರ ಒಳಗಿದ್ದ ಕೋಳಿಯ ಸ್ಥಾನವನ್ನು ಹಿಂಡು ಅಷ್ಟರಲ್ಲಿ ಬೇರೆಯವರಿಗೆ ಹಂಚಿರುತ್ತದೆ; ಬೆಳಗಿನ ಜಾವದಲ್ಲಿ ಕುಕ್ಕಾಟ ಶುರುವಾಗಿ, ಕೆಂಪು ಕಂಡಲ್ಲಿಯೇ ಎಲ್ಲರ ಕೊಕ್ಕು ಬೀಳುತ್ತದೆ. ಆದ್ದರಿಂದ ಗಾಯ ಪೂರ್ತಿ ಮುಚ್ಚಿದ ಮೇಲೆ ಅದೇ ಕ್ರೇಟನ್ನು ಒಂದು ವಾರ ಹಗಲು ಹೊತ್ತು ಅಂಗಳದ ನೆರಳಿನಲ್ಲಿಟ್ಟು, ಒಳಗೂ ಹೊರಗೂ ಏಕಕಾಲಕ್ಕೆ ಕಾಳು ಚೆಲ್ಲಿ, ಪರಸ್ಪರ ನೋಡಿಕೊಂಡೇ ತಿನ್ನುವಂತೆ ಮಾಡುವುದನ್ನು ನಾನು ಮೇಲೆಂದು ಎಣಿಸುತ್ತೇನೆ. ಬಿಡುವ ದಿನ ಕಾಳನ್ನು ನಾಲ್ಕಾರು ಕಡೆ ಚೆಲ್ಲಬೇಕು.

ಹುಂಜದ ಜೊತೆ ಹೇಂಟೆಯನ್ನು ಬಿಡಲು ಇನ್ನಷ್ಟು ತಡೆಯಬೇಕು. ಬುಡಸಹಿತ ಕಿತ್ತುಹೋದ ಗರಿ ಕೆಲವು ವಾರಗಳಲ್ಲಿ ಮತ್ತೆ ಮೂಡುತ್ತದೆ, ಆದರೆ ನಡುವೆ ಮುರಿದು ಬುಡ ಚರ್ಮದಲ್ಲೇ ಉಳಿದ ಗರಿ ಮುಂದಿನ ಸಲ ಗರಿ ಉದುರುವ ಕಾಲದವರೆಗೂ ಹಾಗೆಯೇ ನಿಲ್ಲುತ್ತದೆ. ಹೇಂಟೆಯ ಬೆನ್ನನ್ನು ಬೆರಳಿನಿಂದ ಸವರಿದಾಗ ಮೊಂಡು ಬುಡಗಳು ಚುಚ್ಚುತ್ತಿದ್ದರೆ ಬತ್ತಲಾದ ಆ ಚರ್ಮಕ್ಕೆ ಹುಂಜದ ಉಗುರು ತಾಗದಂತೆ ಹೇಂಟೆಯನ್ನು ಬೇರೆಯೇ ಇಡಬೇಕು.